ಓವಲ್ ಮುಖಕ್ಕೆ ಎಷ್ಟು ನೆರಳು, ಎಷ್ಟು ಬೆಳಕು?

ಕಳೆದ ವರ್ಷ ತಂಗಿಯ ಕಾಲೇಜಿನ ಗ್ಯಾದರಿಂಗ್ ಅಂತ ನಾನು ಎರಡು ದಿನ ಕ್ಲಾಸ್ ಬಿಟ್ಟು ನಿರ್ಣಾಕ್ಕೆ ಹೋಗಿದ್ದೆ. ಆಕೆಗೆ ನಾಟಕದಲ್ಲಿ ಪಾತ್ರ ಇತ್ತು. ಮೇಕಪ್ ಜವಾಬ್ದಾರಿ ನಂದು. ಹಾಸ್ಟೆಲ್‌ನಲ್ಲಿ ನಾಲ್ಕು ವಿಡಿಯೋ ನೋಡಿದ್ದೆ, ಆನ್‌ಲೈನಲ್ಲಿ ಒಂದು ಕಾಂಟೂರ್ ಕಿಟ್ ತರಿಸಿದ್ದೆ. ಕೆನ್ನೆ ಕೆಳಗೆ ಉದ್ದ ಗೆರೆ, ಹಣೆ ಸುತ್ತ ಗೆರೆ, ದವಡೆಗೆ ಗೆರೆ, ಮೂಗಿನ ಎರಡೂ ಕಡೆ ಗೆರೆ, ಮೇಲೆ ಬೆಳ್ಳಿ ಬಣ್ಣದ ಹೈಲೈಟರ್. ಮನೆಯ ಟ್ಯೂಬ್‌ಲೈಟಿನಲ್ಲಿ ಛಲೋನೇ ಕಂಡಿತ್ತು.

ಸ್ಟೇಜಿನ ಹತ್ತಿರ ಮೊಬೈಲ್ ಫ್ಲ್ಯಾಶ್ ಹಾಕಿ ಫೋಟೋ ತೆಗೆದಾಗ ಗೊತ್ತಾಯಿತು. ಮುಖ ಬೂದು ಬಣ್ಣ, ಕೆನ್ನೆ ಒಳಗೆ ಹೋದಂತೆ, ಮುಖ ಇದ್ದದ್ದಕ್ಕಿಂತ ಉದ್ದ. ನಮ್ಮ ಕಾಕು ನೋಡಿದವರೇ, "ಯಾಕವ್ವಾ, ಆರಾಮಿಲ್ಲೇನು? ಮುಖ ಹಿಂಗ್ಯಾಕ ಬೂದಿ ಬಡದಂಗ ಆಗ್ಯದ?" ಅಂದರು. ತಂಗಿ ನಾಟಕ ಮುಗಿಸಿದಳು, ಆದರೆ ಆ ದಿನದ ಒಂದು ಫೋಟೋನೂ ಉಳಿಸಲಿಲ್ಲ. ರಾತ್ರಿ ಹೇಳಿದ್ದು ಒಂದೇ ಮಾತು: "ನಂದು ಮುಖಾನೇ ಸರಿ ಇಲ್ಲ ಬಿಡು ಅಕ್ಕಾ."

ಆಕೆಯ ಮುಖ ಸರಿಯಾಗೇ ಇದೆ. ತಪ್ಪಿದ್ದು ನನ್ನ ಲೆಕ್ಕ. ಎಲ್ಲಿ ತಪ್ಪಿತು ಅಂತ ಹುಡುಕುತ್ತ ಹೋದಾಗ ಸಿಕ್ಕಿದ್ದು ನಾವು ಫಸ್ಟ್ ಇಯರ್ ಫಿಸಿಕ್ಸ್‌ನಲ್ಲಿ ಉರುಹೊಡೆದು ಮರೆತ ವಿಷಯಗಳೇ.

ಮೊದಲು ಕಾಂಟೂರ್ ಅಂದರೇನು ನೋಡೋಣ. ನಮ್ಮ ಹುಮನಾಬಾದ್ ಕಡೆ ಜಲಸಂಗ್ವಿ ಅಂತ ಊರಿದೆ. ಅಲ್ಲಿಯ ಕಲ್ಯಾಣ ಚಾಲುಕ್ಯರ ಕಾಲದ ದೇವಸ್ಥಾನದಲ್ಲಿ ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಶಾಸನ ಬರೆಯುತ್ತ ನಿಂತ ಹೆಣ್ಣಿನ ಶಿಲ್ಪವಿದೆ. ಹೋದವರು ಗಮನಿಸಿರಬಹುದು, ಗೋಡೆಯ ಮೇಲಿನ ಆ ಶಿಲ್ಪಗಳಲ್ಲಿ ಬಣ್ಣವೇ ಇಲ್ಲ, ಪೂರ್ತಿ ಒಂದೇ ಕಲ್ಲು. ಆದರೂ ಕೆನ್ನೆ, ಗದ್ದ, ತುಟಿ ಬೇರೆ ಬೇರೆಯಾಗಿ ಕಾಣುತ್ತವೆ. ಕಾರಣ ಲ್ಯಾಂಬರ್ಟ್‌ನ ನಿಯಮ. 1760ರಲ್ಲಿ ಆತ ಹೇಳಿದ್ದು ಇಷ್ಟೇ: ಹೊಳಪಿಲ್ಲದ ಮೇಲ್ಮೈಗೆ ಬೀಳುವ ಬೆಳಕು, ಅದು ಬೀಳುವ ಕೋನದ ಕೊಸೈನ್‌ಗೆ ತಕ್ಕಂತೆ ಬದಲಾಗುತ್ತದೆ. ಬೆಳಕಿಗೆ ನೇರ ಎದುರಿಗಿದ್ದರೆ ಪೂರ್ತಿ ಬೆಳಕು, 60 ಡಿಗ್ರಿ ವಾಲಿದರೆ ಅರ್ಧ. ಬೆಳಕು ಮೇಲಿನಿಂದ ಬಂದಾಗ ಕೆನ್ನೆಯ ಮೂಳೆಯ ಮೇಲ್ಭಾಗ ಬೆಳಗುತ್ತದೆ, ಅದರ ಕೆಳಗೆ ಮಬ್ಬು. ನಮ್ಮ ಮೆದುಳು ಆ ವ್ಯತ್ಯಾಸ ಓದಿ "ಇಲ್ಲಿ ಉಬ್ಬು, ಇಲ್ಲಿ ತಗ್ಗು" ಅಂತ ತೀರ್ಮಾನಿಸುತ್ತದೆ.

ಶಿಲ್ಪಿ ಕಲ್ಲು ಕೆತ್ತಿ ಮಾಡಿದ್ದನ್ನು ಮೇಕಪ್‌ನವರು ಬಣ್ಣದಿಂದ ಮಾಡುತ್ತಾರೆ. ಕಪ್ಪು ಛಾಯೆ ಹಚ್ಚಿದರೆ ಆ ಜಾಗ ಒಳಗೆ ಹೋದಂತೆ, ತಿಳಿ ಛಾಯೆ ಹಚ್ಚಿದರೆ ಮುಂದೆ ಬಂದಂತೆ. ಇದನ್ನೇ ಉಲ್ಟಾ ಮಾಡುವುದು ನಮ್ಮ ಬೀದರ್ ಬಯಲಿನ ಕೃಷ್ಣಮೃಗ. ಬೆನ್ನು ಕಪ್ಪು, ಹೊಟ್ಟೆ ಬಿಳಿ. ಮೇಲಿನ ಬಿಸಿಲೂ ಕೆಳಗಿನ ನೆರಳೂ ಸರಿದೂಗಿ ಪ್ರಾಣಿಯ ದುಂಡುತನವೇ ಕಣ್ಣಿಗೆ ಬೀಳುವುದಿಲ್ಲ ಅನ್ನುವುದು ಇದಕ್ಕೆ ಕೊಡುವ ಒಂದು ವಿವರಣೆ.

ಹಾಗಾದರೆ ಮುಖಕ್ಕೆ ತನ್ನದೇ ನೆರಳು ಇರುವಾಗ ಬಣ್ಣದ ನೆರಳು ಯಾಕೆ? ಎರಡು ಕಾರಣ. ಫೌಂಡೇಶನ್ ಹಚ್ಚಿದರೆ ಮುಖದ ಬಣ್ಣದ ಏರಿಳಿತ ಹೋಗಿ ಎಲ್ಲ ಕಡೆ ಒಂದೇ ಬಣ್ಣ ಆಗುತ್ತದೆ. ಮೇಲೆ ಪೌಡರ್ ಒತ್ತಿದರೆ ಸಹಜ ಹೊಳಪೂ ಹೋಗುತ್ತದೆ. ಇನ್ನು ಫ್ಲ್ಯಾಶ್ ಮತ್ತು ಸ್ಟೇಜಿನ ಎದುರು ಲೈಟು ಮುಖಕ್ಕೆ ನೇರ ಬೀಳುತ್ತವೆ. ಎದುರಿನಿಂದ 20 ಡಿಗ್ರಿ ವಾಲಿದ ಕೆನ್ನೆಗೂ 94 ಪರ್ಸೆಂಟ್ ಬೆಳಕು ಸಿಗುತ್ತದೆ. ಅಂದರೆ ಉಬ್ಬು ತಗ್ಗು ಎಲ್ಲ ಸಪಾಟು. ಕಳೆದುಹೋದ ಆ ನೆರಳನ್ನು ವಾಪಸ್ ಇಡುವುದೇ ಕಾಂಟೂರಿಂಗ್. ಫೌಂಡೇಶನ್ ಹಚ್ಚದ ಮುಖಕ್ಕೆ ಹಗಲು ಹೊತ್ತು ಇದರ ಅವಶ್ಯಕತೆಯೇ ಇಲ್ಲ. ಲ್ಯಾಬ್ ವೈವಾಕ್ಕೆ ಕಾಂಟೂರ್ ಮಾಡಿಕೊಂಡು ಹೋಗಬೇಡಿ ಮತ್ತ.

ಈಗ ಓವಲ್ ಮುಖ. ಒಂದು ಟೇಪ್ ತಗೊಳ್ಳಿ. ಕೂದಲಂಚಿನಿಂದ ಗದ್ದದ ತುದಿಯವರೆಗಿನ ಉದ್ದ, ಕೆನ್ನೆಮೂಳೆ ಇರುವಲ್ಲಿಯ ಅಗಲದ ಸುಮಾರು ಒಂದೂವರೆ ಪಟ್ಟು ಇರಬೇಕು. ಹಣೆ ದವಡೆಗಿಂತ ಸ್ವಲ್ಪ ಅಗಲ, ಗದ್ದ ದುಂಡಗೆ. ಮೇಕಪ್ ಪುಸ್ತಕಗಳು ಈ ಆಕಾರವನ್ನೇ ಆದರ್ಶ ಅಂತ ಹಿಡಿದು, ದುಂಡು ಮುಖ, ಚೌಕ ಮುಖ ಎಲ್ಲವನ್ನೂ ಇದರ ಕಡೆ ಎಳೆಯಲು ಗೆರೆ ಹಾಕಿಸುತ್ತವೆ. ಆದರ್ಶ ಅನ್ನುವುದು ಅವರವರ ರೂಢಿ, ನಿಸರ್ಗದ ನಿಯಮ ಅಲ್ಲ. ಹಾಲಿವುಡ್‌ನ ಮ್ಯಾಕ್ಸ್ ಫ್ಯಾಕ್ಟರ್ 1932ರಲ್ಲಿ ಬ್ಯೂಟಿ ಮೈಕ್ರೋಮೀಟರ್ ಅಂತ ಒಂದು ಯಂತ್ರವನ್ನೇ ತಂದಿದ್ದ. ತಲೆಗೆ ಲೋಹದ ಪಟ್ಟಿ, ಸುತ್ತ ಸ್ಕ್ರೂಗಳು, ಮುಖ ಎಲ್ಲೆಲ್ಲಿ "ತಪ್ಪಿದೆ" ಅಂತ ಅಳೆಯಲು! ಫೋಟೋ ನೋಡಿದರೆ ನಮ್ಮ ಮೆಕ್ಯಾನಿಕಲ್ ಹುಡುಗರ ಫಿಕ್ಸ್‌ಚರ್ ನೆನಪಾಗುತ್ತದೆ.

ನನ್ನ ಮೊದಲ ತಪ್ಪು ಇಲ್ಲೇ. ಆ ವಿಡಿಯೋಗಳ ಗೆರೆಗಳೆಲ್ಲ ಬೇರೆ ಆಕಾರದ ಮುಖವನ್ನು ಓವಲ್ ಮಾಡುವುದಕ್ಕೆ. ತಂಗಿಯದು ಮೊದಲೇ ಓವಲ್. ಎರರ್ ಸಿಗ್ನಲ್ ಸೊನ್ನೆ ಇದ್ದಾಗ ಕಂಟ್ರೋಲರ್ ಫುಲ್ ಔಟ್‌ಪುಟ್ ಕೊಟ್ಟರೆ ಏನಾಗುತ್ತದೆ? ಅದೇ ಆಯಿತು.

ಓವಲ್ ಮುಖಕ್ಕೆ ಬೇಕಾದದ್ದು ಬಹಳ ಕಡಿಮೆ. ಕಿವಿಯ ಹತ್ತಿರದಿಂದ ಶುರು ಮಾಡಿ, ಕೆನ್ನೆಮೂಳೆಯ ಸ್ವಲ್ಪ ಕೆಳಗೆ, ಕಣ್ಣಿನ ಹೊರತುದಿಯ ನೇರಕ್ಕೆ ಬಂದು ನಿಲ್ಲಿಸಿ. ಬಾಯಿಯವರೆಗೆ ಎಳೆದರೆ ಕಾಯಿಲೆ ಬಿದ್ದ ಮುಖವಾಗುತ್ತದೆ. ಬ್ರಶ್ ಮೇಲ್ಮುಖವಾಗಿ ಆಡಿಸಿ, ಗೆರೆ ಎಲ್ಲಿ ಮುಗಿಯಿತು ಅಂತ ತಿಳಿಯಬಾರದು, ಯಾಕೆಂದರೆ ದುಂಡು ಮೇಲ್ಮೈಯ ನೆರಳಿಗೆ ಅಂಚು ಇರುವುದಿಲ್ಲ. ಹಣೆ ಎತ್ತರ ಇದ್ದರೆ ಕೂದಲಂಚಿಗೆ ಸ್ವಲ್ಪ, ಇಲ್ಲದಿದ್ದರೆ ಬೇಡ. ದವಡೆಯ ಪಕ್ಕಕ್ಕೆ ಬಳಿದರೆ ಮುಖ ಕಿರಿದಾಗಿ ಇನ್ನೂ ಉದ್ದ ಕಾಣುತ್ತದೆ. ಹೈಲೈಟರ್ ಕೆನ್ನೆಮೂಳೆಯ ನೆತ್ತಿಗೆ, ಮೇಲ್ತುಟಿಯ ನಡುವಿನ ತಗ್ಗಿಗೆ, ಮೂಗಿನ ಮೇಲೆ ಚೂರು. ಹಣೆ ನಡು, ಮೂಗು, ಗದ್ದ ಮೂರಕ್ಕೂ ಹಚ್ಚಿದರೆ ಮೇಲಿಂದ ಕೆಳಗೆ ಒಂದು ಬೆಳಕಿನ ಪಟ್ಟಿ ಆಗುತ್ತದೆ, ಮತ್ತೆ ಉದ್ದವೇ.

ಹೈಲೈಟರ್‌ನಲ್ಲಿ ಸಾಮಾನ್ಯವಾಗಿ ಇರುವುದು ಅಭ್ರಕದ ತೆಳು ಚಕ್ಕೆ, ಅದರ ಮೇಲೆ ಟೈಟಾನಿಯಂ ಡಯಾಕ್ಸೈಡ್ ಅಥವಾ ಐರನ್ ಆಕ್ಸೈಡ್ ಲೇಪ. ಚಕ್ಕೆಗಳು ಚರ್ಮದ ಮೇಲೆ ಮಲಗಿ ಪುಟ್ಟ ಕನ್ನಡಿಗಳಂತೆ ಬೆಳಕು ತಿರುಗಿಸುತ್ತವೆ, ಅದಕ್ಕೇ ತಲೆ ಹೊರಳಿಸಿದಂತೆ ಹೊಳಪೂ ಸರಿಯುತ್ತದೆ. ಕಾಂಟೂರ್‌ನಲ್ಲಿ ಮಾತ್ರ ಮಿನುಗು ಇರಕೂಡದು. ಮಿನುಗುವ ನೆರಳನ್ನು ಯಾರು ನೋಡಿದ್ದಾರೆ?

ಎರಡನೇ ತಪ್ಪು ಹೇಳಲು ಸ್ವಲ್ಪ ನಾಚಿಕೆ. ತಂಗಿಯದು ನನ್ನದೇ ಥರ ಕಪ್ಪು ಬಣ್ಣ. "ಸ್ಟೇಜ್ ಮ್ಯಾಲ ಬೆಳ್ಳಗ ಕಾಣ್ಲಿ" ಅಂತ ನಾನು ಬೇಕೆಂದೇ ಎರಡು ಶೇಡ್ ತಿಳಿ ಫೌಂಡೇಶನ್ ಹಚ್ಚಿದ್ದೆ. ತಿಳಿ ಶೇಡ್ ಅಂದರೆ ಹೆಚ್ಚು ಬಿಳಿ ಪಿಗ್ಮೆಂಟ್, ಅದೂ ಟೈಟಾನಿಯಂ ಡಯಾಕ್ಸೈಡೇ. ಅದು ಫ್ಲ್ಯಾಶಿನ ಬೆಳಕನ್ನು ಚೆದುರಿಸಿ ವಾಪಸ್ ಎಸೆಯುತ್ತದೆ, ಅಡಿಯಲ್ಲಿಯ ಕಂದು ಬಣ್ಣದ ಜೊತೆ ಸೇರಿ ಬೂದಿಯಾಗಿ ಕಾಣುತ್ತದೆ. ಕಿಟ್‌ನ ಕಾಂಟೂರ್ ಬಣ್ಣವೋ, ಆಕೆಯ ಚರ್ಮಕ್ಕಿಂತ ತಿಳಿ! ತನ್ನ ಚರ್ಮಕ್ಕಿಂತ ತಿಳಿ ಇರುವುದು ನೆರಳು ಹೇಗಾದೀತು? ಅದು ಕಾಣಲಿ ಅಂತ ಮತ್ತಷ್ಟು ಬಳಿದೆ. ಬಿಳಿ ಮಾಡಲು ಹೋಗದೆ ಇದ್ದಿದ್ದರೆ ಉಳಿದ ತಪ್ಪುಗಳನ್ನು ಯಾರೂ ಗಮನಿಸುತ್ತಿರಲಿಲ್ಲ.

ಫೌಂಡೇಶನ್ ನಿಮ್ಮ ಬಣ್ಣದ್ದೇ ಇರಲಿ. ಅಂಗಡಿಯ ಲೈಟಿನಲ್ಲಿ ಕೈ ಮೇಲೆ ನೋಡಬೇಡಿ, ದವಡೆಗೆ ಹಚ್ಚಿ ಹೊರಗೆ ಬಿಸಿಲಿಗೆ ಬಂದು ನೋಡಿ. ಕಾಂಟೂರ್ ಅದಕ್ಕಿಂತ ಎರಡು ಶೇಡ್ ಗಾಢ. ನಮ್ಮಂಥ ಬಣ್ಣಕ್ಕೆ ಡಾರ್ಕ್ ಚಾಕೊಲೇಟ್, ಕಾಫಿ ಪುಡಿಯ ಬಣ್ಣ ಕೂಡುತ್ತದೆ. ಕಿತ್ತಳೆ ಛಾಯೆಯದು ಬೇಡ, ಅದು ಬ್ರಾಂಜರ್. ಹೈಲೈಟರ್ ಬಂಗಾರ ಅಥವಾ ತಾಮ್ರದ್ದು ತಗೊಳ್ಳಿ, ಬೆಳ್ಳಿ ಮತ್ತೆ ಬೂದಿಯ ದಾರಿಯೇ.

ದೀಪಾವಳಿಗೆ ಊರಿಗೆ ಹೋದಾಗ ತಂಗಿಯನ್ನು ಮತ್ತೆ ಕೂರಿಸಿದೆ. ಬಹಳ ಕಾಡಿಸಿಕೊಂಡು ಒಪ್ಪಿದಳು. ಮಾಳಿಗೆ ಮೇಲೆ ಸಂಜೆ ಐದರ ಬಿಸಿಲಿನಲ್ಲಿ ಮೂರು ಜಾಗಕ್ಕೆ ಬ್ರಶ್, ಹತ್ತು ನಿಮಿಷ. ಆಮೇಲೆ ಕತ್ತಲೆಯಲ್ಲಿ ಫ್ಲ್ಯಾಶ್ ಹಾಕಿಯೂ ಫೋಟೋ ತೆಗೆದೆವು. ಈ ಸಲ ಒಂದೂ ಅಳಿಸಲಿಲ್ಲ. ಆಕೆಯ ಡಿಪಿ ಈಗ ಅದೇ.

ಗ್ಯಾದರಿಂಗ್‌ಗೆ ನಮ್ಮ ಸ್ಕಿಟ್ ಟೀಮ್‌ಗೂ ನಾನೇ ಬ್ರಶ್ ಹಿಡಿಯುತ್ತೇನೆ. ರಿಹರ್ಸಲ್ ದಿನವೇ ಸ್ಟೇಜಿನ ಲೈಟ್ ಹಾಕಿಸಿ, ಕೊನೆಯ ಸಾಲಿನಿಂದ ಒಮ್ಮೆ ನೋಡಿಕೊಳ್ಳೋಣ. ಬ್ರಶ್ ಮಾತ್ರ ಅವರವರದೇ ತನ್ನಿ, ಒಬ್ಬರ ಮೊಡವೆ ಇನ್ನೊಬ್ಬರಿಗೆ ಬೇಡ. ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಮೇಕಪ್ ತೆಗೆದೇ ಮಲಗಿ.