ಕಾಣದ ಬೇನೆ, ಕಾಡುವ ಕಳಂಕ

ಹಂಡೆಯ ಬಿಸಿನೀರನ್ನು ತಲೆಯ ಮೇಲೆ ಧಾರೆಯಾಗಿ ಸುರಿದುಕೊಳ್ಳುವ ಅಭ್ಯಂಜನವು ಕನ್ನಡಿಗನ ಪಾಲಿಗೆ ಸುಖದ ಪರಾಕಾಷ್ಠೆ. ಆದರೆ ಕೆಲವರಲ್ಲಿ ಆ ನೀರೇ ಮೂರ್ಛೆಗೆ ಕಾರಣವಾಗುತ್ತದೆ. ‘ಬಿಸಿನೀರಿನ ಅಪಸ್ಮಾರ’ವೆಂಬ ಈ ವಿಶಿಷ್ಟ ಬಗೆಯು ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬಂದಿದ್ದು, ಬೆಂಗಳೂರಿನ ನಿಮ್ಹಾನ್ಸ್‌ನ ನರತಜ್ಞರು ಇದನ್ನು ದೀರ್ಘಕಾಲ ಅಭ್ಯಸಿಸಿದ್ದಾರೆ. ಅನೇಕರಿಗೆ ನೀರಿನ ಕಾವನ್ನು ತಗ್ಗಿಸುವುದು, ಅಗತ್ಯವಿದ್ದಲ್ಲಿ ವೈದ್ಯರು ಸೂಚಿಸಿದ ಮಾತ್ರೆಯನ್ನು ಸ್ನಾನಕ್ಕೆ ಮುನ್ನ ಸೇವಿಸುವುದು, ಇಷ್ಟೇ ಪರಿಹಾರ.

ಅಪಸ್ಮಾರವು ಶಾಪವಲ್ಲ, ಗ್ರಹಬಾಧೆಯಲ್ಲ, ಅಂಟುರೋಗವಲ್ಲ, ಬುದ್ಧಿಭ್ರಮಣೆಯೂ ಅಲ್ಲ. ಮಿದುಳಿನ ಜೀವಕೋಶಗಳಲ್ಲಿ ವಿದ್ಯುತ್ ಸಂಚಾರವು ಕ್ಷಣಕಾಲ ಹದ ತಪ್ಪುವುದರ ಫಲವದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಲೋಕದಲ್ಲಿ ಸುಮಾರು 5 ಕೋಟಿ ಜನರಿಗೆ ಈ ಬೇನೆಯಿದೆ. ಸರಿಯಾದ ಚಿಕಿತ್ಸೆ ದೊರೆತರೆ ಅವರಲ್ಲಿ ಶೇಕಡಾ 70ರಷ್ಟು ಮಂದಿ ಮೂರ್ಛೆಯಿಲ್ಲದೆ ಬಾಳಬಲ್ಲರು. ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ನಡೆಸಿ, 2001ರಲ್ಲಿ ಪ್ರಕಟಿಸಿದ ಅಧ್ಯಯನವು ಅಗ್ಗದ ಹಳೆಯ ಔಷಧಗಳಿಂದಲೇ ರೋಗವನ್ನು ಹತೋಟಿಯಲ್ಲಿಡಬಹುದೆಂಬುದನ್ನು ತೋರಿಸಿಕೊಟ್ಟಿತು.

ಮದ್ದಿಗೆ ಮಣಿಯುವ ರೋಗ ಮನಸ್ಸಿನ ಮೌಢ್ಯಕ್ಕೆ ಮಣಿದೀತೆ? ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಬಂದ ತಿದ್ದುಪಡಿಯು ಪದೇ ಪದೇ ಬರುವ ಅಪಸ್ಮಾರವನ್ನು ಚಿತ್ತವೈಕಲ್ಯದ ಪಕ್ಕದಲ್ಲಿರಿಸಿ ವಿವಾಹಕ್ಕೆ ಅಡ್ಡಿಯಾಗಿಸಿತ್ತು. ಆ ಮಾತು ಕಾಯಿದೆಯಿಂದ ಅಳಿದುದು 1999ರಲ್ಲಿ. ನಮ್ಮ ಮನೆಗಳ ವಧೂವರಾನ್ವೇಷಣೆಯಿಂದ ಅದಿನ್ನೂ ಅಳಿದಿಲ್ಲ. ಗುಟ್ಟು ಮಾಡಿ ಮದುವೆಯಾದ ಹೆಣ್ಣು ಮಾತ್ರೆಯನ್ನು ಬಚ್ಚಿಟ್ಟು ನುಂಗುತ್ತಾಳೆ. ಬಚ್ಚಿಡಲಾಗದ ದಿನ ಬಿಟ್ಟುಬಿಡುತ್ತಾಳೆ. ಮಾತ್ರೆ ತಪ್ಪಿದೊಡನೆ ಮೂರ್ಛೆ ಮರಳುತ್ತದೆ. ಹೀಗೆ ಕಳಂಕವೇ ರೋಗವನ್ನು ಪೋಷಿಸುತ್ತದೆ.

ಕಡಲಾಚೆ ಬಂದ ಮಾತ್ರಕ್ಕೆ ಈ ಅಂಜಿಕೆ ಕಳಚುವುದಿಲ್ಲ. ಸಿಂಗಪುರದಲ್ಲಿ 1999ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ನರವಿಜ್ಞಾನ ಸಂಸ್ಥೆಯಿದೆ, ನುರಿತ ತಜ್ಞರಿದ್ದಾರೆ. ಆದರೆ ಕಣ್ಣಿಗೆ ಕಾಣದ ಊನವನ್ನು ನೆರೆಯವರಿಗೆ ತಿಳಿಸುವ ಧೈರ್ಯವನ್ನು ಯಾವ ಆಸ್ಪತ್ರೆಯೂ ಬರೆದುಕೊಡಲಾರದು. ಅದನ್ನು ನೀಡಬೇಕಾದವರು 1996ರಲ್ಲಿ ಹುಟ್ಟಿದ ಇಲ್ಲಿನ ಕನ್ನಡ ಸಂಘದಂತಹ ನಮ್ಮ ಕೂಟಗಳು, ನಮ್ಮ ಕುಟುಂಬಗಳು.

ಕನಿಷ್ಠ ಇಷ್ಟನ್ನು ನಾವೆಲ್ಲರೂ ಕಲಿಯೋಣ. ಮೂರ್ಛೆ ಬಂದವರ ಕೈಗೆ ಕಬ್ಬಿಣ ತುರುಕಬಾರದು, ಬಾಯಿಗೆ ಚಮಚೆ ಇಡಬಾರದು, ನೀರು ಹಾಕಬಾರದು, ಅದುಮಿ ಹಿಡಿಯಬಾರದು. ತಲೆಯಡಿಗೆ ಮೆತ್ತನೆಯದನ್ನಿರಿಸಿ, ಸೆಳೆತ ನಿಂತೊಡನೆ ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಬೇಕು. ಐದು ನಿಮಿಷ ಮೀರಿದರೆ ಇಲ್ಲಿ 995ಕ್ಕೆ ಕರೆ ಮಾಡಬೇಕು. ಎಚ್ಚರವಾದಾಗ ಆ ವ್ಯಕ್ತಿಯ ಕಣ್ಣಿಗೆ ಮೊದಲು ಬೀಳುವುದು ಕುತೂಹಲದ ಗುಂಪಲ್ಲ, ಒಂದು ಪರಿಚಿತ ಮುಖವಾಗಿರಲಿ.