ಮಿರಜದ ದವಾಖಾನೆ, ಗಡಿಯ ಚಿಕ್ಕ ಸಭೆ

ಉಗಾರ ಖುರ್ದದ ಸುತ್ತ, ಕೃಷ್ಣೆಯ ದಂಡೆಯ ಊರುಗಳಲ್ಲಿ ಪ್ರೊಟೆಸ್ಟಂಟ್ ಕ್ರೈಸ್ತರು ಬಹಳ ಕಡಿಮೆ. ಹೊಳೆಯಾಚೆಯ ಕುಡಚಿಯಲ್ಲಿ ಮುಸ್ಲಿಮರೇ ಹೆಚ್ಚು. ಸುತ್ತಲಿನ ಹಳ್ಳಿಗಳಲ್ಲಿ ಲಿಂಗಾಯತರು, ಜೈನರು, ಮರಾಠರು. ಆದರೂ ‘ಮಿಶನ್’ ಎಂಬ ಮಾತು ಇಲ್ಲಿ ಯಾರಿಗೂ ಹೊಸದಲ್ಲ. ಅದನ್ನು ಮನೆಮನೆಗೆ ಮುಟ್ಟಿಸಿದ್ದು ಚರ್ಚಿಗಿಂತ ಹೆಚ್ಚಾಗಿ ಗಡಿಯಾಚೆ ಮಹಾರಾಷ್ಟ್ರದ ಮಿರಜದ ದವಾಖಾನೆ.

ಬೆಳಗಾವಿಯಿಂದ ಮಿರಜಕ್ಕೆ ಹೋಗುವ ರೈಲು ಕುಡಚಿ, ಉಗಾರ, ಶೇಡಬಾಳಗಳನ್ನು ದಾಟಿಕೊಂಡೇ ಹೋಗುತ್ತದೆ. ಈ ಹಾದಿಯ ಕೊನೆಯಲ್ಲಿ, ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಶನ್ನಿನ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ತೆರೆದರು. ಕೆನಡಾದಲ್ಲಿ ಹುಟ್ಟಿದ ಈ ಶಸ್ತ್ರವೈದ್ಯ 1889ರಲ್ಲಿ ಭಾರತಕ್ಕೆ ಬಂದವರು. 1897ರಲ್ಲಿ ಅಲ್ಲೇ ವೈದ್ಯಕೀಯ ಶಾಲೆಯನ್ನೂ ಕಟ್ಟಿದರು. ಮಿರಜ ಇಂದು ಆಸ್ಪತ್ರೆಗಳ ಊರಾಗಿ ಬೆಳೆದದ್ದಕ್ಕೆ ಬುನಾದಿ ಅದೇ. 1962ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳೂ ಮಿಶನ್ ಆಸ್ಪತ್ರೆಯ ವಾರ್ಡುಗಳಲ್ಲಿ ಕಲಿತರು. ಅಥಣಿ, ರಾಯಬಾಗ, ಕಾಗವಾಡದ ರೋಗಿಗಳಿಗೆ ಬೆಳಗಾವಿಗಿಂತ ಮಿರಜವೇ ಹತ್ತಿರ.

ಅದೇ ಊರಿನಲ್ಲಿ ಮೀರಾ ಸಾಹೇಬರ ದರ್ಗಾ ಇದೆ. ಕಿರಾನಾ ಘರಾನೆಯ ಗಾಯಕ ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಂಡ ಮೇಲೆ ಅವರ ಸಮಾಧಿಯಾದದ್ದು ಅಲ್ಲಿ. ಉರುಸಿನಲ್ಲಿ ಇಂದಿಗೂ ಸಂಗೀತ ನಡೆಯುತ್ತದೆ. ಸಿತಾರ, ತಂಬೂರಿ ಮಾಡುವ ಮುಸ್ಲಿಂ ಮನೆತನಗಳು ಊರಿಗೆ ಬೇರೊಂದು ಹೆಸರು ತಂದಿವೆ. ದರ್ಗಾಕ್ಕೆ ಹರಕೆ ಹೊತ್ತು ಬಂದವರೇ ಮಿಶನ್ ದವಾಖಾನೆಯ ಚೀಟಿಯನ್ನೂ ಕಿಸೆಯಲ್ಲಿ ಇಟ್ಟುಕೊಂಡಿರುವುದರಲ್ಲಿ ಯಾರಿಗೂ ವಿಚಿತ್ರ ಕಾಣುವುದಿಲ್ಲ.

ದವಾಖಾನೆಯ ಹೆಸರು ಎಲ್ಲರಿಗೂ ಗೊತ್ತು; ಅದರ ಹಿಂದಿನ ಕ್ರೈಸ್ತ ಸಭೆಯ ಬದುಕು ಮಾತ್ರ ಸದ್ದಿಲ್ಲದ್ದು. ಪ್ರೆಸ್ಬಿಟೇರಿಯನ್ ಪದ್ಧತಿಯಲ್ಲಿ ಪಾದ್ರಿ ಒಬ್ಬರೇ ಆಳುವುದಿಲ್ಲ. ಸಭೆ ಆರಿಸಿದ ಹಿರಿಯರೂ ಜೊತೆಗಿರುತ್ತಾರೆ. ಭಾನುವಾರ ಆರಾಧನೆ, ಆಗಾಗ ಕರ್ತನ ಭೋಜನ, ಡಿಸೆಂಬರಿನಲ್ಲಿ ನಾತಾಳ (ಕ್ರಿಸ್ಮಸ್). ದೊಡ್ಡ ಮೂರ್ತಿಗಳಿಲ್ಲ, ಮೆರವಣಿಗೆಯೂ ಅಪರೂಪ. ಹಾಗಾಗಿ ದೂರದಿಂದ ನೋಡುವವರಿಗೆ ಇಲ್ಲೊಂದು ಸಭೆ ಇದೆಯೆಂದು ಗೊತ್ತಾಗುವುದೇ ಕಷ್ಟ. ಸತ್ತವರನ್ನು ಹೂಳುವ ಪದ್ಧತಿ ಕ್ರೈಸ್ತರಿಗೂ ಮುಸ್ಲಿಮರಿಗೂ ಸಮಾನ. ಆದರೆ ಒಬ್ಬರದು ಪೆಟ್ಟಿಗೆ, ಇನ್ನೊಬ್ಬರದು ಕಫನ್ ಬಟ್ಟೆ.

ಹೊರಗಿನವರಿಗೆ ತೊಡಕಾಗುವುದು ಚರ್ಚುಗಳ ಹೆಸರು. ಬೆಳಗಾವಿಯಲ್ಲಿ 1820ರಿಂದ ಇದ್ದ ಲಂಡನ್ ಮಿಶನ್ 1904ರಲ್ಲಿ ತನ್ನ ಕೆಲಸವನ್ನು ಮೆಥಡಿಸ್ಟರಿಗೆ ಒಪ್ಪಿಸಿತು. ಧಾರವಾಡದಲ್ಲಿ 1837ರಿಂದಲೂ ವಿಜಯಪುರದಲ್ಲಿ 1885ರಿಂದಲೂ ನೆಲೆಸಿದ ಬಾಸೆಲ್ ಮಿಶನ್ನಿನ ಸಭೆಗಳು ಈಗ ದಕ್ಷಿಣ ಭಾರತ ಸಭೆಯಲ್ಲಿವೆ. ಮಿರಜ, ಕೊಲ್ಹಾಪುರದ ಪ್ರೆಸ್ಬಿಟೇರಿಯನ್ನರು 1970ರಲ್ಲಿ ಉತ್ತರ ಭಾರತ ಸಭೆಗೆ ಸೇರಿದ ಪರಂಪರೆಯವರು. ಹೀಗೆ ಉಗಾರದಿಂದ ಯಾವ ದಿಕ್ಕಿಗೆ ಹೊರಟರೂ ಬೇರೊಂದು ಸಭೆ. ಭಾಷೆಯೂ ಬದಲು: ಧಾರವಾಡದ ಕಡೆಯಿಂದ ಮಗಳನ್ನು ಮಿರಜಕ್ಕೆ ಕೊಟ್ಟರೆ, ಅವಳು ಕನ್ನಡ ಕೀರ್ತನೆಯ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಮರಾಠಿಯದನ್ನು ಕಲಿಯಬೇಕಾಗುತ್ತದೆ.