ಮೂರು ಊರು, ಒಂದು ಬೆನ್ನು

ಹೊಯ್ಸಳರ ಗುಡಿಗಳನ್ನು ನೋಡಿಕೊಂಡು ಬಂದವರು ಮದನಿಕೆಯರ ಸುದ್ದಿಗಿಂತ ಮೊದಲು ಸೊಂಟದ ಸುದ್ದಿ ಹೇಳುತ್ತಾರೆ. ಹೇಳದೆ ಏನು ಮಾಡಿಯಾರು? ನಸುಕಿಗೇ ಬೆಂಗಳೂರು ಬಿಟ್ಟು, ತಾಸುಗಟ್ಟಲೆ ಕಾರಿನಲ್ಲಿ ಮುದುಡಿ ಕೂತು, ಇಳಿದದ್ದೇ ತಡ ಕತ್ತು ಹಿಂದಕ್ಕೆ ಚೆಲ್ಲಿ ಛಾವಣಿ ನೋಡಿ, ಮತ್ತೆ ಮೊಣಕಾಲೆತ್ತರದ ಆನೆಸಾಲಿಗೆ ಬಗ್ಗಿ, ನಡುವೆ ನಿದ್ದೆಗೆ ಜಾರಿದ ಮಗುವನ್ನು ಸೊಂಟಕ್ಕೇರಿಸಿಕೊಂಡರೆ ಯಾವ ಬೆನ್ನೂ ಸುಮ್ಮನಿರುವುದಿಲ್ಲ.

ಅಮ್ಮ, ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು, ನಾನು. ಎಲ್ಲರೂ ಒಟ್ಟಾಗಿ ಹೊರಟ ಮೊದಲ ಪ್ರವಾಸ ಇದು. ಅಮ್ಮನದು ಹಳೆಯ ಸೊಂಟನೋವು, ಅಣ್ಣನದು ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಹಾಗಾಗಿ ದಾರಿಯನ್ನೂ ಬೆನ್ನಿನ ಲೆಕ್ಕದಲ್ಲೇ ಹಾಕಿಕೊಂಡೆವು. ಅರಸೀಕೆರೆವರೆಗೆ ರೈಲು, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಬಾಣಾವರ, ಜಾವಗಲ್ ಮೇಲೆ ಹಳೇಬೀಡು, ರಾತ್ರಿ ಬೇಲೂರಿನಲ್ಲಿ ತಂಗುವುದು. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನದ ಕಡೆಯಿಂದ ಬರುವ ಮೈಸೂರು ಮಾರ್ಗ ಕೂಡುವ ಜಂಕ್ಷನ್ ಅರಸೀಕೆರೆ, ರೈಲುಗಳಿಗೆ ಬರವಿಲ್ಲ. ಕಾರಿನಲ್ಲಿ ಬೇಕೆಂದಾಗ ಎದ್ದು ನಿಲ್ಲುವ ಹಾಗಿಲ್ಲ. ರೈಲಿನಲ್ಲಿ ತುಮಕೂರು ದಾಟಿದ ಮೇಲೊಮ್ಮೆ, ತಿಪಟೂರು ಬಂದಾಗೊಮ್ಮೆ ಬೋಗಿಯ ಉದ್ದಕ್ಕೂ ಓಡಾಡಿ ಬರಬಹುದು.

ಅರಸೀಕೆರೆ: ಕೂರಲೆಂದೇ ಕಟ್ಟಿದ ಮಂಟಪ

ಕೊಬ್ಬರಿ ವ್ಯಾಪಾರದ ಈ ಊರಲ್ಲಿ ಈಶ್ವರ ದೇವಾಲಯ ಕೇಳಿಕೊಂಡು ಬರುವ ಪ್ರವಾಸಿಗರು ಕಡಿಮೆ. ಸ್ಥಳೀಯರು ಶಿವಾಲಯ ಅಂತಲೂ ಅನ್ನುತ್ತಾರೆ. ಸುಮಾರು 1220ರ ಹೊತ್ತಿಗೆ, ಹೊಯ್ಸಳರ ಕಾಲದಲ್ಲಿ ಎದ್ದ ಗುಡಿ. ಬೇಲೂರಿನ ಹಾಗೆ ಗೋಡೆ ತುಂಬ ಶಿಲ್ಪವಿಲ್ಲ, ಗಾತ್ರವೂ ದೊಡ್ಡದಲ್ಲ. ಆದರೆ ನೆಲದ ನಕ್ಷೆಯ ಮಾತು ಬಂದರೆ ಹೊಯ್ಸಳ ಕಟ್ಟಡಗಳಲ್ಲಿ ಇಷ್ಟು ಜಟಿಲವಾದದ್ದು ಮತ್ತೊಂದಿಲ್ಲ ಎನ್ನುತ್ತಾರೆ ವಾಸ್ತು ಬಲ್ಲವರು. ಗರ್ಭಗುಡಿಯ ಭಾಗವೇ ಒಂದು ನಕ್ಷತ್ರ, ಅದರ ಮೊನೆಗಳು ಒಂದೇ ತೆರನಾಗಿಲ್ಲ. ಮುಂದಿನ ತೆರೆದ ಮಂಟಪ ಹದಿನಾರು ಮೊನೆಗಳ ಇನ್ನೊಂದು ನಕ್ಷತ್ರ. ಅದರೊಳಗೆ ತಿರುಗಣೆಯಲ್ಲಿ ಕಡೆದ ಕಂಬಗಳು, ನಡುವೆ ಗುಮ್ಮಟದ ಹಾಗೆ ಮೇಲೇರುವ ಛಾವಣಿ.

ನಮಗೆ ಮೊದಲು ಕಂಡದ್ದು ಅಂಚಿನ ಉದ್ದಕ್ಕೂ ಇರುವ ಕಲ್ಲಿನ ಆಸನ, ಅದರ ಬೆನ್ನಿಗಿರುವ ಗಿಡ್ಡ ಗೋಡೆ. ಇಂಥ ಆಸನವನ್ನು ಕಕ್ಷಾಸನ ಎಂದು ಕರೆಯುವುದುಂಟು. ಆ ಕಾಲದ ತೆರೆದ ಮಂಟಪಗಳಲ್ಲಿ ಒರಗುವ ಕಲ್ಲು ಸಾಮಾನ್ಯವಾಗಿ ತುಸು ಹೊರಕ್ಕೆ ವಾಲಿರುತ್ತದೆ. ಹಾಗೆ ಸ್ವಲ್ಪ ಹಿಂದಕ್ಕೆ ಒರಗಿ ಕೂತರೆ ಮೈಭಾರದ ಒಂದು ಪಾಲು ಆ ಕಲ್ಲಿಗೆ ಹೋಗುತ್ತದೆ, ಸೊಂಟದ ಡಿಸ್ಕುಗಳ ಮೇಲಿನ ಹೊರೆ ಇಳಿಯುತ್ತದೆ. ಇವತ್ತಿನ ಒಳ್ಳೆಯ ಕಚೇರಿ ಕುರ್ಚಿಯನ್ನೂ ಇದೇ ಲೆಕ್ಕದಲ್ಲಿ ಮಾಡುತ್ತಾರೆ.

ಅಮ್ಮ ಅಲ್ಲೇ ಕೂತರು. ಛಾವಣಿ ನೋಡಲು ಕತ್ತೆತ್ತಿದಾಗ ಮೊಮ್ಮಗಳು ತಡೆದಳು: “ಅಜ್ಜಿ, ಕತ್ತು ಎತ್ಬೇಡಿ, ಇದ್ರಲ್ಲಿ ನೋಡಿ.” ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು, ಪರದೆ ಮೇಲ್ಮುಖವಾಗುವಂತೆ ಎದೆಯ ಮಟ್ಟದಲ್ಲಿ ಹಿಡಿದಿದ್ದಳು. ಗುಮ್ಮಟದ ಒಳಗು ಇಡಿಯಾಗಿ ಅಂಗೈಗೆ ಇಳಿದಿತ್ತು. ವಯಸ್ಕರ ತಲೆ ಸುಮಾರು ನಾಲ್ಕೂವರೆಯಿಂದ ಐದು ಕಿಲೋ ತೂಗುತ್ತದೆ. ಅದನ್ನು ಹೊರುವುದು ಕತ್ತಿನ ಏಳು ಕಶೇರುಗಳು. ತಲೆಯನ್ನು ಪೂರಾ ಹಿಂದಕ್ಕೆ ಚೆಲ್ಲಿ ನಿಮಿಷಗಟ್ಟಲೆ ನಿಂತರೆ ಹಿಂಬದಿಯ ಕೀಲುಗಳು ಒತ್ತಿಕೊಳ್ಳುತ್ತವೆ, ವಯಸ್ಸಾದವರಿಗೆ ತಲೆಸುತ್ತೂ ಬರಬಹುದು. ಬರಿಗಣ್ಣಲ್ಲೇ ನೋಡಬೇಕೆನಿಸಿದರೆ ಒರಗಿ ಕೂತು ನೋಡಬೇಕು, ಇಲ್ಲವೆ ನಾಲ್ಕು ಹೆಜ್ಜೆ ದೂರ ಸರಿದು ಓರೆಯಾಗಿ ನೋಡಬೇಕು.

ಎಳನೀರು ಕುಡಿದು ಕಾರು ಹತ್ತಿದೆವು. ಸೀಟು ಗುಳಿಬಿದ್ದಿದ್ದರೆ ಟವೆಲೊಂದನ್ನು ಸುತ್ತಿ ಸೊಂಟದ ಹಿಂದಿಟ್ಟುಕೊಳ್ಳುವುದು, ಮಂಡಿ ಸೊಂಟಕ್ಕಿಂತ ಮೇಲೇಳದಂತೆ ಕೂರುವುದು, ಹಿಂದಿನ ಜೇಬಿನ ಪರ್ಸು ತೆಗೆದಿಡುವುದು: ಖರ್ಚಿಲ್ಲದ ಈ ಮೂರು ಕೆಲಸ ದಾರಿಯನ್ನು ಹಗುರ ಮಾಡುತ್ತವೆ. ನಡುದಾರಿಯ ಜಾವಗಲ್‌ನಲ್ಲಿ ಹದಿಮೂರನೇ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ. ಸರದಿಯಿಲ್ಲ, ಗದ್ದಲವಿಲ್ಲ. ಒಂದು ಸುತ್ತು ಹಾಕಿದರೆ ಗುಡಿ ನೋಡಿದ ಹಾಗೂ ಆಯಿತು, ಕಾಲು ಆಡಿಸಿದ ಹಾಗೂ ಆಯಿತು.

ಹಳೇಬೀಡು: ಬಗ್ಗಿಸುವ ಗೋಡೆ

ಹೊಯ್ಸಳರ ರಾಜಧಾನಿ ದೋರಸಮುದ್ರ ಇದೇ. ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ ಕಟ್ಟಿಸಿದ ಹೊಯ್ಸಳೇಶ್ವರದ ಕೆಲಸ ಶುರುವಾದದ್ದು 1121ರ ಸುಮಾರಿಗೆ. ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಎರಡು ಗುಡಿಗಳು ಅಕ್ಕಪಕ್ಕ ನಿಂತಿವೆ; ಎರಡರ ಎದುರಿಗೂ ಒಂದೊಂದು ನಂದಿ. ಚಪ್ಪಲಿ ಬಿಟ್ಟು ಜಗತಿ, ಅಂದರೆ ಗುಡಿಯ ಸುತ್ತಲಿನ ಎತ್ತರದ ಕಟ್ಟೆ, ಹತ್ತಬೇಕು. ಮಧ್ಯಾಹ್ನದ ಬಿಸಿಲಿಗೆ ಕಲ್ಲು ಕಾದು, ಹಿಮ್ಮಡಿ ಊರದೆ ತುದಿಗಾಲಲ್ಲಿ ಓಡುವವರನ್ನು ಇಲ್ಲಿ ಸಾಲುಸಾಲಾಗಿ ಕಾಣಬಹುದು. ಆ ಓಟದ ಏಟು ಮಂಡಿಗೂ ಬೆನ್ನಿಗೂ ತಗಲುತ್ತದೆ. ಕಾಲುಚೀಲ ಹಾಕಿಕೊಂಡು ಬನ್ನಿ. ಬಿಸಿಲು ಇಳಿದ ಮೇಲೆ ಬಂದರೆ ಇನ್ನೂ ಒಳ್ಳೆಯದು.

ಗೋಡೆಯ ತಳದಿಂದ ಮೇಲಕ್ಕೆ ಪಟ್ಟಿಕೆಗಳು ಏರುತ್ತವೆ: ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಆಮೇಲೆ ರಾಮಾಯಣ–ಭಾರತದ ಕಥೆಗಳು, ಮಕರ, ಹಂಸ. ಅದರ ಮೇಲೆ ದೊಡ್ಡ ವಿಗ್ರಹಗಳ ಸಾಲು. ಕೈಲಾಸ ಎತ್ತುವ ರಾವಣ, ಗೋವರ್ಧನ ಹಿಡಿದ ಕೃಷ್ಣ, ಆನೆಯ ತೊಗಲೊಳಗೆ ಕುಣಿಯುವ ಗಜಾಸುರಸಂಹಾರ ಶಿವ ಎಲ್ಲ ನಿಂತೇ ನೋಡಲು ಸಿಗುತ್ತಾರೆ. ಕಷ್ಟವಿರುವುದು ಕೆಳಗಿನ ಸಾಲುಗಳಲ್ಲಿ. ಅಲ್ಲಿನ ಒಂದು ಆನೆಯ ಹಾಗೆ ಇನ್ನೊಂದಿಲ್ಲ. ನೋಡುತ್ತ ನೋಡುತ್ತ ಬೆನ್ನು ಬಗ್ಗಿಸಿಕೊಂಡೇ ಗೋಡೆಯುದ್ದ ಸಾಗಿಬಿಡುತ್ತೇವೆ.

ಇದಕ್ಕೆ ಎರಡು ಉಪಾಯಗಳಿವೆ. ಮಂಡಿ ಗಟ್ಟಿಯಿದ್ದವರು ಕುಕ್ಕರಗಾಲಲ್ಲಿ ಕೂತು ನೋಡಬಹುದು. ಮಕ್ಕಳು ಯಾರೂ ಹೇಳಿಕೊಡದೆ ಹಾಗೇ ಕೂತರು. ಅದಾಗದವರು ಜಗತಿಯಿಂದ ಕೆಳಗಿಳಿದು ಹುಲ್ಲಿನ ಮೇಲೆ ನಿಲ್ಲಬಹುದು. ಸ್ವಲ್ಪ ದೂರವಾದರೂ ತಳದ ಸಾಲುಗಳು ಕಣ್ಣಿನ ಮಟ್ಟಕ್ಕೆ ಹತ್ತಿರ ಬರುತ್ತವೆ, ಇಡೀ ಗೋಡೆಯ ಓಟವೂ ತಿಳಿಯುತ್ತದೆ.

ಚಿಕ್ಕವನು ಎತ್ತಿಕೊಳ್ಳೆಂದು ಹಟ ಹಿಡಿದದ್ದು ಇಲ್ಲೇ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಬೆನ್ನಿನ ಡಿಸ್ಕಿಗೇ ಸೂಜಿಯಿಳಿಸಿ ಒತ್ತಡ ಅಳೆದಿದ್ದರು. ಮುಂದಕ್ಕೆ ಬಾಗಿ ಭಾರ ಹಿಡಿದಾಗ ಒತ್ತಡ ಬಹಳ ಏರುತ್ತದೆಂದು ಆ ಅಳತೆಗಳು ತೋರಿಸಿದವು. ಮಗುವನ್ನು ಎತ್ತುವಾಗಲೂ ಇದೇ ಲೆಕ್ಕ. ಹತ್ತಿರ ಹೋಗಿ, ಮಂಡಿ ಮಡಿಸಿ, ಮಗುವನ್ನು ಎದೆಗೊತ್ತಿಕೊಂಡು ಏಳಬೇಕು. ಒಂದೇ ಸೊಂಟದ ಮೇಲೆ ಹೊತ್ತು ತಿರುಗುವುದಕ್ಕಿಂತ ಆಗಾಗ ಬದಿ ಬದಲಿಸುವುದು ಮೇಲು.

ಬಸ್ತಿಹಳ್ಳಿ: ನೆಟ್ಟಗೆ ನಿಂತವನು

ಹೊಯ್ಸಳೇಶ್ವರದಿಂದ ಬಸ್ತಿಹಳ್ಳಿಯ ಜೈನ ಬಸದಿಗಳು ದೂರವೇನಿಲ್ಲ. ಕಾರು ಅಲ್ಲೇ ಬಿಟ್ಟು ನಡೆದೆವು. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪ, ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ. ಒಳಗಿನ ಕಂಬಗಳ ನುಣುಪು ಎಷ್ಟೆಂದರೆ ಎದುರು ನಿಂತವರ ಬಿಂಬ ಮೂಡುತ್ತದೆ. ಮಕ್ಕಳು ಅಲ್ಲಿಂದ ಕದಲಲಿಲ್ಲ.

ಪಾರ್ಶ್ವನಾಥನದು ಕಾಯೋತ್ಸರ್ಗ ಭಂಗಿ. ಕಾಲು ನೇರ, ತೋಳು ಮೈಗೆ ತಾಗದೆ ಇಳಿಬಿದ್ದಿವೆ, ಬೆನ್ನು ನೆಟ್ಟಗೆ. ಶಾಲೆಯಲ್ಲಿ ಮೇಷ್ಟ್ರು “ನೆಟ್ಟಗೆ ನಿಲ್ಲೋ” ಎಂದು ಗದರುವಾಗ ಅವರ ಕಣ್ಣೆದುರು ಇರುವುದು ಇಂಥದ್ದೇ ನಿಲುವು. ಆದರೆ ಅಲುಗದೆ ನಿಲ್ಲುವುದು ಕಠಿಣ ತಪಸ್ಸು, ನಿತ್ಯದ ಬದುಕಿಗೆ ಹೇಳಿದ್ದಲ್ಲ. ನಮ್ಮ ಬೆನ್ನುಮೂಳೆ ಸರಳರೇಖೆಯೂ ಅಲ್ಲ. ಕತ್ತಿನಲ್ಲಿ ಒಳಬಾಗು, ಎದೆಯ ಹಿಂದೆ ಹೊರಬಾಗು, ಸೊಂಟದಲ್ಲಿ ಮತ್ತೆ ಒಳಬಾಗು. ಭಾರ ಹಂಚಿಕೊಳ್ಳುವುದೇ ಈ ಬಾಗುಗಳು. ಹೆಚ್ಚು ಹೊತ್ತು ನಿಲ್ಲಬೇಕಾಗಿ ಬಂದರೆ ಒಂದು ಪಾದವನ್ನು ಮೆಟ್ಟಿಲ ಮೇಲಿಟ್ಟು, ಆಗಾಗ ಕಾಲು ಬದಲಿಸಿದರೆ ಸೊಂಟಕ್ಕೆ ಬಿಡುವು ಸಿಗುತ್ತದೆ. ಮೆಟ್ಟಿಲಿಗಂತೂ ಈ ಮೂರು ಊರುಗಳಲ್ಲಿ ಬರವಿಲ್ಲ.

ಬೇಲೂರು: ಬಳುಕಿ ನಿಂತವರು

ಹಳೇಬೀಡಿನಿಂದ ಹದಿನಾರು ಕಿಲೋಮೀಟರ್. ರಾತ್ರಿ ತಂಗಿ, ಬೆಳಗಿನ ತಂಪಿನಲ್ಲಿ ಚೆನ್ನಕೇಶವನಲ್ಲಿಗೆ ಹೋದೆವು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ದೇವರಿಗೆ ಇಂದಿಗೂ ಪೂಜೆ ನಡೆಯುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಸೇರಿ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಏರಿದ ಮೇಲೆ ಜನರ ಓಡಾಟ ಇನ್ನೂ ಜೋರು.

ಗೋಡೆಗೂ ಸೂರಿಗೂ ನಡುವೆ ಮುಂದಕ್ಕೆ ವಾಲಿಕೊಂಡಿರುವವರು ಮದನಿಕೆಯರು. ಹೊರಗೆ 38, ಒಳಗೆ ನಾಲ್ಕು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ರೂವಾರಿಗಳು ತಮ್ಮ ಹೆಸರನ್ನು ಇಲ್ಲಿ ಕೆತ್ತಿಟ್ಟುಹೋಗಿದ್ದಾರೆ. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಬಳಪದ ಕಲ್ಲು ಅವರ ಉಳಿಗೆ ಒದಗಿತು. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ, ಒಬ್ಬಳು ಬೇಟೆಗೆ ಹೊರಟಿದ್ದಾಳೆ, ಒಬ್ಬಳು ಕುಣಿಯುತ್ತಿದ್ದಾಳೆ. ನೆಟ್ಟಗೆ ನಿಂತವಳು ಒಬ್ಬಳೂ ಇಲ್ಲ. ತಲೆ ಒಂದು ಕಡೆ, ನಡು ಇನ್ನೊಂದು ಕಡೆ, ಮಂಡಿ ಮತ್ತೊಂದು ಕಡೆ ಬಾಗಿದ ತ್ರಿಭಂಗಿಯಲ್ಲಿ, ಒಂದು ಚಲನೆ ಮುಗಿದು ಮುಂದಿನದು ಶುರುವಾಗುವ ಹೊತ್ತಿನಲ್ಲಿ ಅವರನ್ನು ಹಿಡಿದಿಟ್ಟಿದ್ದಾರೆ.

ಶಿಲ್ಪಿ ವೈದ್ಯನಲ್ಲ, ಮದನಿಕೆಯ ಹಾಗೆ ನಿಂತರೆ ನೋವು ಹೋಗುತ್ತದೆಂದು ಯಾರೂ ಹೇಳಬಾರದು. ಆದರೆ ಬೆನ್ನುನೋವಿನ ಬಗ್ಗೆ ವೈದ್ಯಲೋಕದ ಮಾತು ಇತ್ತೀಚೆಗೆ ಹೊರಳಿರುವ ದಿಕ್ಕು ಈ ಗೋಡೆಯ ಕೆಳಗೆ ನೆನಪಾಗದೆ ಇರದು. ‘ಸರಿಯಾದ ಒಂದೇ ಭಂಗಿ’ಯ ಮೇಲಿದ್ದ ನಂಬಿಕೆ ಸಡಿಲವಾಗಿದೆ. ಭಂಗಿ ಎಷ್ಟೇ ಚೆನ್ನಾಗಿರಲಿ, ಅದರಲ್ಲೇ ತಾಸುಗಟ್ಟಲೆ ಉಳಿದರೆ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟನೋವಿತ್ತು. ಆಸ್ಟ್ರೇಲಿಯಾದಲ್ಲಿ ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಮೇಲೆ ನಡೆದ ಅಧ್ಯಯನವೊಂದು 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ, ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯುವ ಗುರಿಯತ್ತ ಹಂತಹಂತವಾಗಿ ಸಾಗಿದವರಿಗೆ ನೋವು ಮರಳಲು ಮಧ್ಯಾಂಕದ ಲೆಕ್ಕದಲ್ಲಿ 208 ದಿನ ಹಿಡಿಯಿತು. ಹಾಗೆ ಮಾಡದವರಿಗೆ 112 ದಿನ. ಅದಕ್ಕೆ ಬೇಕಾದದ್ದು ನಡಿಗೆ, ಜೊತೆಗಿಷ್ಟು ತಿಳಿವಳಿಕೆ. ದುಬಾರಿ ಹಾಸಿಗೆಯೂ ಬೇಡ, ಸೊಂಟದ ಬೆಲ್ಟೂ ಬೇಡ.

ಈ ಗುಡಿಗಳನ್ನು ಕಟ್ಟಿದ್ದೂ ನಡೆಯುವವರಿಗಾಗಿಯೇ. ಗುಡಿಯ ಆಕಾರದಲ್ಲೇ ಸುತ್ತಲೂ ಚಾಚಿದ ಜಗತಿ ಪ್ರದಕ್ಷಿಣೆಗೆ ಇರುವ ದಾರಿ. ಒಂದೆಡೆ ನಿಂತು ನೋಡಿ ಮುಗಿಸಿದೆ ಎನ್ನಲು ನಕ್ಷತ್ರದ ಗೋಡೆ ಬಿಡುವುದಿಲ್ಲ. ಹೆಜ್ಜೆಗೊಂದು ತಿರುವು, ತಿರುವಿಗೊಂದು ಶಿಲ್ಪ. ಒಂದು ಮದನಿಕೆ ನೋಡಿ, ನಾಲ್ಕು ಹೆಜ್ಜೆ ನಡೆದು, ಇನ್ನೊಂದು ನೋಡುವವರ ಕತ್ತು ನೋಯುವುದಿಲ್ಲ. ನೋಯುವುದು ಒಂದರ ಕೆಳಗೇ ನಿಂತು ಮೂವತ್ತು ಫೋಟೊ ತೆಗೆಯುವವರದು.

ನೀವು ಹೊರಡುವುದಾದರೆ

ಒಂದೇ ದಿನವಿದ್ದರೆ ಮೂರೂ ಊರುಗಳ ಆಸೆ ಬೇಡ, ಎರಡು ಸಾಕು. ವಯಸ್ಸಾದವರಿದ್ದರೆ ಹಳೇಬೀಡು ಸಂಜೆಗೆ, ಬೇಲೂರು ಬೆಳಿಗ್ಗೆಗೆ ಇರಲಿ. ಮಧ್ಯಾಹ್ನ ಊಟಕ್ಕೂ ನೆರಳಿಗೂ ಮೀಸಲು. ಚೀಲ ಎರಡೂ ಭುಜಕ್ಕೆ ಹಂಚುವಂಥದ್ದಾಗಲಿ. ಗೈಡು ಒಂದು ಕಡೆ ಹೆಚ್ಚು ಹೊತ್ತು ನಿಲ್ಲಿಸಿ ಕಥೆ ಹೇಳುತ್ತಿದ್ದರೆ, “ಕೂತು ಕೇಳ್ತೀವಿ ಸಾರ್” ಅನ್ನಲು ಸಂಕೋಚ ಬೇಡ. ನೋವು ಕಾಲಿಗಿಳಿದು ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಇಲ್ಲವೆ ನೋವಿನ ಜೊತೆ ಜ್ವರ ಬಂದರೆ ಪ್ರವಾಸ ನಿಲ್ಲಿಸಿ ಮೊದಲು ವೈದ್ಯರನ್ನು ಕಾಣಿ.

ಮಿಕ್ಕಂತೆ, ಈ ಪ್ರವಾಸಕ್ಕೆ ಬೇಕಾದ ತಯಾರಿ ಹೊರಡುವ ದಿನ ಆಗುವಂಥದ್ದಲ್ಲ. ಒಂದು ತಿಂಗಳು ಮೊದಲೇ ಮನೆಮಂದಿಯೆಲ್ಲ ಸಂಜೆ ಅರ್ಧ ಗಂಟೆ ನಡೆಯಲು ಶುರು ಮಾಡಿ. ಹೋಗಿ ಬಂದ ಮೇಲೂ ಅದನ್ನು ಬಿಡಬೇಡಿ.